ಒಂಬತ್ತನೇ ಸುತ್ತಿನಲ್ಲಿ ನಾನು ಹೇಳಿದ್ದು

ನನ್ನ ಅಣ್ಣನಿಗೆ ಕಣ್ಣು ಕಾಣುವುದಿಲ್ಲ. ಸಣ್ಣವನಿದ್ದಾಗ ಬಂದ ಒಂದು ಜ್ವರ ಎರಡೂ ಕಣ್ಣು ತೆಗೆದುಕೊಂಡು ಹೋಯಿತು. ಅವನು ಓಡುತ್ತಾನೆ. ಓಡುವಾಗ ಅವನ ಒಂದು ಕೈಗೂ ನನ್ನ ಒಂದು ಕೈಗೂ ನಡುವೆ ಗೇಣುದ್ದದ ಹಗ್ಗ ಇರುತ್ತಿತ್ತು.

ಹಗ್ಗದ ಇನ್ನೊಂದು ತುದಿ ಹಿಡಿದು ಜೊತೆಗೆ ಓಡುವವನನ್ನು ಗೈಡ್ ಅನ್ನುತ್ತಾರೆ. ಗೈಡ್ ಎಳೆಯಬಾರದು, ತಳ್ಳಬಾರದು, ಕೊನೆಯ ಗೆರೆಯನ್ನು ಓಟಗಾರನಿಗಿಂತ ಮೊದಲು ದಾಟಬಾರದು. ಬಾಯಿಂದ ಹೇಳಬಹುದು, ಅಷ್ಟೇ. ತಿರುವು ಬಂತು, ತಿರುವು ಮುಗಿಯಿತು, ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ. ಸ್ವಲ್ಪ ಬೆಳಕು ಕಾಣುವವರಿಗೂ ಏನೂ ಕಾಣದಿರಲಿ ಎಂದು ಓಟಗಾರರೆಲ್ಲರ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿರುತ್ತಾರೆ. ಹಾಗಾಗಿ ಮೈದಾನದಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೆ ಗೈಡ್ ಹೇಳಿದಷ್ಟೇ. ನಾನು ಅಣ್ಣನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಸುತ್ತಲಿದ್ದವರಿಗೆ ಯಾರಿಗೂ ಅದು ಅರ್ಥವಾಗುತ್ತಿರಲಿಲ್ಲ. ಮೊದಮೊದಲು ಅದು ನಮಗೊಂದು ತಮಾಷೆಯಾಗಿತ್ತು.

ನಾನು ಓದಿದ್ದು ಏಳನೇ ಇಯತ್ತೆ. ಆಮೇಲೆ ಗದಗಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಸೇರಿದೆ. ಅಣ್ಣ ಅಂಧರ ಶಾಲೆಯ ಹಾಸ್ಟೆಲಿನಲ್ಲಿದ್ದು ಓದಿದ, ಕಾಲೇಜು ಮುಗಿಸಿದ, ಈ ದೇಶಕ್ಕೆ ಬಂದ. ಈಗ ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ, ಕಾರಿನೊಳಗಿನ ಪರದೆಯನ್ನು ನೋಡದೆಯೂ ಬಳಸಲು ಆಗುತ್ತದೆಯೇ ಎಂದು ಪರೀಕ್ಷಿಸುವ ಕೆಲಸ ಮಾಡುತ್ತಾನೆ. ನಾನು ಅವನ ಹಿಂದೆಯೇ ಅಡುಗೆಯವನಾಗಿ ಶಿಕಾಗೋಗೆ ಬಂದೆ. ಡೆವನ್ ಅವೆನ್ಯೂದ ಒಂದು ಹೋಟೆಲಿನ ಒಲೆಯ ಮುಂದೆ ನಿಲ್ಲುತ್ತೇನೆ. ಇಬ್ಬರ ನಡುವೆ ಐದು ತಾಸಿನ ದಾರಿ. ಹದಿನೈದು ದಿನಕ್ಕೊಮ್ಮೆ ಒಂದು ಭಾನುವಾರ ಕೂಡಿ ಓಡುತ್ತಿದ್ದೆವು. ಉಳಿದ ದಿನ ಅವನು ಮನೆಯೊಳಗೆ ಟ್ರೆಡ್‌ಮಿಲ್ ಮೇಲೆ, ನಾನು ಶಿಕಾಗೋದ ಸರೋವರದ ದಂಡೆಯ ಮೇಲೆ. ಹಾಗೆಂದು ಅವನು ನಂಬಿದ್ದ.

ಅವನಿಗೆ ಒಂದೇ ಆಸೆ ಇತ್ತು. ಬೇರೆ ಬೇರೆ ದೇಶದ ಅಂಗವಿಕಲ ಓಟಗಾರರು ಸೇರುವ ದೊಡ್ಡ ಕೂಟಕ್ಕೆ ಹೋಗಬೇಕು. ಐದು ಸಾವಿರ ಮೀಟರಿಗೆ ಇಲ್ಲಿಂದ ಇಬ್ಬರನ್ನು ಕಳಿಸುತ್ತಾರೆ. ಆಯ್ಕೆಯ ಓಟದಲ್ಲಿ ಮೊದಲಿಬ್ಬರಲ್ಲಿ ಬಂದರೆ ಹೋದ, ಇಲ್ಲದಿದ್ದರೆ ಇಲ್ಲ. ವಯಸ್ಸು ನಲವತ್ತರ ಹತ್ತಿರ ಬರುತ್ತಿತ್ತು.

ಆ ವರ್ಷ ಅವನು ಪ್ರಾಚೀನ ಗ್ರೀಸಿನ ಆಟಗಳ ಬಗ್ಗೆ ಸಿಕ್ಕ ಪುಸ್ತಕವನ್ನೆಲ್ಲ ಫೋನಿನಲ್ಲಿ ಓದಿಸಿಕೊಂಡು ಕೇಳುತ್ತಿದ್ದ. ಕೇಳಿದ್ದನ್ನು ನನಗೆ ಹೇಳದಿದ್ದರೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಅದು ಆಟವಲ್ಲ, ಝ್ಯೂಸ್ ಎಂಬ ದೇವರ ಹಬ್ಬವಂತೆ. ಹಬ್ಬದ ದಿನಗಳಲ್ಲಿ ಹೋಗಿ ಬರುವವರ ಮೈಮೇಲೆ ಯಾರೂ ಕೈ ಮಾಡುವಂತಿರಲಿಲ್ಲವಂತೆ. ಉದ್ದ ಓಟವೆಂದರೆ ಒಂದೇ ನೆಟ್ಟಗಿನ ಮೈದಾನದಲ್ಲಿ ಅತ್ತಿಂದಿತ್ತ, ಇತ್ತಿಂದತ್ತ, ಕಂಬ ಸುತ್ತಿ ಸುತ್ತಿ ಓಡುವುದು. ಗೆದ್ದವನಿಗೆ ಆಲಿವ್ ಎಲೆಯ ಮಾಲೆ. ಎರಡನೆಯವನಿಗೆ ಏನೂ ಇಲ್ಲ.

ಏಪ್ರಿಲ್‌ನ ಒಂದು ಭಾನುವಾರ ಅವನ ಮನೆಯ ಅಡುಗೆಮನೆಯಲ್ಲಿ ನಾನು ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದೆ. ಅವನು ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ.

"ಏ, ಇಲ್ಲಿ ಕೇಳು. ಓಡೋರು ಅಷ್ಟ ಅಲ್ಲ, ಅವರ ಅಪ್ಪ, ಅಣ್ಣತಮ್ಮಂದಿರು ಸುದ್ದಾ ದೇವರ ಮುಂದ ಆಣಿ ಮಾಡಬೇಕಿತ್ತಂತ. ಆಟದಾಗ ಮೋಸ ಮಾಡಂಗಿಲ್ಲ ಅಂತ."

"ಅಣ್ಣತಮ್ಮಂದಿರು ಯಾಕ? ಅವರೇನು ಓಡ್ತಿದ್ರೇನು?"

"ಮೋಸ ಮಾಡಾಕ ಓಡಬೇಕಂತೇನಿಲ್ಲಲ್ಲೋ."

"ಏನ್ ಹಿಡದು ಆಣಿ ಮಾಡ್ತಿದ್ರು?"

"ಹಂದಿ ಮಾಂಸದ ತುಂಡು."

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅಣ್ಣನ ಹೆಂಡತಿ, ನಾನು ವೈನಿ ಎಂದು ಕರೆಯುವವರು, ಮೈಸೂರಿನವರ ಮಗಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವರು ಫ್ರಿಜ್‌ನ ಬಾಗಿಲು ಹಿಡಿದುಕೊಂಡು ನಕ್ಕರು.

"ಹಂದಿ ಔಟ್ ಆಫ್ ಸ್ಟಾಕ್. ಬದನೆಕಾಯಿ ಮೇಲೆ ಮಾಡ್ಸಿ. ಝ್ಯೂಸ್ ಅಡ್ಜಸ್ಟ್ ಮಾಡ್ಕೋತಾನೆ."

ಅಣ್ಣ ಎದ್ದು ಬಂದು, ತಡಕಿ, ಸೀಳಿದ ಬದನೆಕಾಯಿಯೊಂದನ್ನು ನನ್ನ ಅಂಗೈಯಲ್ಲಿಟ್ಟು ಮೇಲೆ ತನ್ನ ಕೈ ಮುಚ್ಚಿದ. "ಹತ್ತು ತಿಂಗಳು ನೆಟ್ಟಗ ತಾಲೀಮು ಮಾಡೀನಿ ಅನ್ನು. ಅವರೂ ಹಂಗ ಅಂತಿದ್ರಂತ."

"ಮಾಡೀನಿ."

"ಪೂರಾ ಹೇಳಲೇ."

"ಹತ್ತು ತಿಂಗಳು ನೆಟ್ಟಗ ತಾಲೀಮು ಮಾಡೀನಿ. ಮೋಸ ಮಾಡಂಗಿಲ್ಲ."

ಮೂವರೂ ನಕ್ಕೆವು. ಆಮೇಲೆ ಆ ಬದನೆಕಾಯಿ ತಿಂದೆವು. ನಾನು ಜನವರಿಯಿಂದ ಒಬ್ಬನೇ ಒಂದು ದಿನವೂ ಓಡಿರಲಿಲ್ಲ.

ಕಾರಣ ಹೇಳಬೇಕು. ಚಳಿ ಎನ್ನಬಹುದು. ದಿನವಿಡೀ ನಿಂತ ಕಾಲು ಎನ್ನಬಹುದು. ಎರಡೂ ಇದ್ದವು, ಆದರೆ ಹಿಂದಿನ ಚಳಿಗಾಲದಲ್ಲೂ ಅವೆರಡೂ ಇದ್ದವು, ಆಗ ಓಡಿದ್ದೆ. ನಿಜವೇನೆಂದರೆ ನನಗೆ ಓಡುವುದಕ್ಕಿಂತ ಅಣ್ಣನಿಗೆ ಬೇಕಾದವನಾಗಿರುವುದು ಹೆಚ್ಚು ಇಷ್ಟವಿತ್ತು. ಬೇಕಾದವನಾಗಿ ಇದ್ದೇನಲ್ಲ, ಇನ್ನೇಕೆ ಬೆಳಿಗ್ಗೆ ಏಳಬೇಕು ಅನ್ನಿಸಿತ್ತೋ ಏನೋ. "ಇವತ್ತ ಎಷ್ಟ ಓಡಿದಿ?" ಎಂದು ಅವನು ಫೋನಿನಲ್ಲಿ ಕೇಳಿದರೆ "ಆರು ಮೈಲಿ" ಅನ್ನುತ್ತಿದ್ದೆ. ಒಮ್ಮೊಮ್ಮೆ ನಂಬಿಕೆ ಬರಲೆಂದು "ಇವತ್ತ ಆಗಲಿಲ್ಲ, ನಾಲ್ಕ ಅಷ್ಟ" ಅನ್ನುತ್ತಿದ್ದೆ. ಭಾನುವಾರ ಕೂಡಿ ಓಡುವಾಗ ಹಳೆಯ ದಮ್ಮಿನ ಮೇಲೆ ಹೇಗೋ ನಡೆದುಹೋಗುತ್ತಿತ್ತು. ಅಣ್ಣನೂ ಅಂದು ಪೂರ್ತಿ ಜೋರು ಮಾಡುತ್ತಿರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಉದ್ದ ಓಟದಲ್ಲಿ ಇಬ್ಬರು ಗೈಡ್‌ಗಳನ್ನು ಇಟ್ಟುಕೊಳ್ಳಬಹುದು. ಅರ್ಧದಲ್ಲಿ ಒಬ್ಬ ಹಗ್ಗ ಬಿಟ್ಟು ಇನ್ನೊಬ್ಬ ಹಿಡಿಯುತ್ತಾನೆ. ವಾರೆನ್‌ನಲ್ಲಿ ಅಣ್ಣನ ಬೀದಿಯಲ್ಲೇ ಒಬ್ಬ ನರ್ಸ್ ಇದ್ದ. ಉದ್ದ ಕಾಲಿನ ಬಿಳಿಯ, ಕಾಲೇಜಿನಲ್ಲಿ ಓಡಿದವನು. ತಾನೇ ಬಂದು, ಬೇಕಾದರೆ ಅರ್ಧ ಓಟಕ್ಕೆ ನಾನು ಬರುತ್ತೇನೆ ಎಂದಿದ್ದ. ವೈನಿಗೆ ಸಂತೋಷವಾಗಿತ್ತು.

ನಾನು ಬೇಡವೆಂದೆ. "ಹೊರಗಿನವರ ಕೈಯಾಗ ಹಗ್ಗಾ ಯಾಕ ಕೊಡೂದು ಅಣ್ಣಾ? ಅಂವಗ ನಿನ್ನ ಹೆಜ್ಜಿ ಗೊತ್ತಿಲ್ಲ, ಮಾತು ಗೊತ್ತಿಲ್ಲ. ಮನ್ಯಾಗ ನಾ ಇಲ್ಲೇನು?"

"ಅವರು ಹೆಲ್ಪ್ ಮಾಡ್ತೀನಿ ಅಂತಿದಾರಲ್ಲ, ಬ್ಯಾಕಪ್ ಇದ್ರೆ ಏನು ಪ್ರಾಬ್ಲಮ್?" ಎಂದರು ವೈನಿ.

ಅಣ್ಣ ನನ್ನ ಭುಜ ತಟ್ಟಿ ಹೇಳಿದ: "ತಮ್ಮ ಇದ್ದಾನ. ಸಾಕು."

ನರ್ಸ್ ಬಂದರೆ ನನಗಿಂತ ಚೆನ್ನಾಗಿ ಓಡುತ್ತಾನೆ ಎಂಬುದು ನನಗೆ ಗೊತ್ತಿತ್ತು. ಅರ್ಧ ಹಗ್ಗ ಹಿಡಿದವನು ಮುಂದಿನ ವರ್ಷ ಪೂರ್ತಿ ಹಿಡಿಯುತ್ತಾನೆ. ಆಮೇಲೆ ನಾನು ಬರೀ ಎಣ್ಣೆಗಾಯಿ ಮಾಡುವ ತಮ್ಮ.

ಆಯ್ಕೆಯ ಓಟ ಜೂನ್‌ನಲ್ಲಿ, ಶಿಕಾಗೋ ಹೊರವಲಯದ ಒಂದು ಕಾಲೇಜಿನ ಮೈದಾನದಲ್ಲಿ. ಅಣ್ಣ, ವೈನಿ ಹಿಂದಿನ ದಿನವೇ ಬಂದು ಅಲ್ಲೇ ಹತ್ತಿರದ ಇಟಾಸ್ಕಾದ ಒಂದು ಹೋಟೆಲಿನಲ್ಲಿ ಇಳಿದಿದ್ದರು. ಬೆಳಿಗ್ಗೆ ಅಲ್ಲಿಗೆ ಹೋದಾಗ ಅಣ್ಣ ಬಾಳೆಹಣ್ಣು ತಿನ್ನುತ್ತಾ ಹಾಡು ಗುನುಗುತ್ತಿದ್ದ. ನನಗೆ ಕಾಫಿಯೂ ಒಳಗೆ ಹೋಗಲಿಲ್ಲ. ಆಫೀಸಿನ ತುರ್ತು ಕೆಲಸ ಬಂದು ವೈನಿ ಕೋಣೆಯಲ್ಲೇ ಉಳಿಯಬೇಕಾಯಿತು. ಹತ್ತು ಗಂಟೆಗಾಗಲೇ ಎಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು.

ಓಡಲು ಆರು ಜೋಡಿ. ಹನ್ನೆರಡೂವರೆ ಸುತ್ತು. ಒಬ್ಬ ಮೊದಲಿಂದಲೇ ಮುಂದೆ ಹೋಗಿಬಿಟ್ಟ. ಅವನನ್ನು ಹಿಡಿಯುವವರು ಅಲ್ಲಿ ಯಾರೂ ಇರಲಿಲ್ಲ. ಎರಡನೆಯವನು ಅಣ್ಣ. ಹಾಗೇ ಉಳಿದರೆ ಸಾಕಾಗಿತ್ತು. ಮೂರನೆಯವನೊಬ್ಬ ತೆಳ್ಳಗಿನ ಹುಡುಗ, ನಮ್ಮ ಹಿಂದೆ ಸುಮಾರು ಐವತ್ತು ಹೆಜ್ಜೆ ದೂರ.

ಪ್ರತಿ ಸುತ್ತಿಗೂ ಅಣ್ಣ ಒಂದೇ ಮಾತು ಕೇಳುತ್ತಿದ್ದ: "ಹಿಂದ?"

"ಐವತ್ತು ಹೆಜ್ಜಿ," ಅನ್ನುತ್ತಿದ್ದೆ. ಅಷ್ಟೇ ಇತ್ತು. ಏಳನೇ ಸುತ್ತಿನ ಹೊತ್ತಿಗೆ ನನ್ನ ಬಾಯಿ ಒಣಗಿ ಹೋಗಿತ್ತು. ಎಂಟನೆಯದರಲ್ಲಿ ಪಕ್ಕೆ ಹಿಡಿದುಕೊಂಡಿತು. ಉಸಿರಿನ ಸದ್ದು ಅಣ್ಣನಿಗೆ ಕೇಳಬಾರದೆಂದು ಬಾಯಿ ಮುಚ್ಚಿ ಮೂಗಿನಲ್ಲಿ ಎಳೆದುಕೊಳ್ಳಲು ನೋಡಿದೆ, ತಲೆ ತಿರುಗಿತು. ಹಿಂತಿರುಗಿ ನೋಡಿದಾಗ ಆ ಹುಡುಗನ ಗೈಡ್ ಬದಲಾಗಿದ್ದ. ಹೊಸಬ ಈಗ ತಾನೇ ಮಲಗಿ ಎದ್ದವನ ಹಾಗೆ ಓಡುತ್ತಿದ್ದ. ಐವತ್ತು ಹೆಜ್ಜೆ ಇದ್ದದ್ದು ಮೂವತ್ತಾಗಿತ್ತು.

ಒಂಬತ್ತನೇ ಸುತ್ತು. ನೆಟ್ಟಗಿನ ದಾರಿಗೆ ಬಂದಾಗ ಅಣ್ಣ ಕೇಳಿದ: "ಹಿಂದ?"

ಬರುತ್ತಿದ್ದಾನೆ ಎಂದರೆ ಅಣ್ಣ ಜೋರು ಮಾಡುತ್ತಾನೆ. ಜೋರು ಮಾಡಿದರೆ ನನ್ನಿಂದಾಗದು. ನಾನು ಬಿದ್ದರೂ, ಹಗ್ಗ ಬಿಟ್ಟರೂ ಅವನು ಓಟದಿಂದ ಹೊರಗೆ. ನನ್ನಿಂದ ಆಗುತ್ತಿಲ್ಲ ಎಂದಾದರೂ ಹೇಳಬಹುದಿತ್ತು. ಅವನು ತನ್ನ ಓಟವನ್ನು ಅದಕ್ಕೆ ತಕ್ಕಂತೆ ನಡೆಸುತ್ತಿದ್ದ. ಅದು ನನ್ನ ಬಾಯಿಂದ ಬರಲಿಲ್ಲ.

"ಯಾರೂ ಇಲ್ಲ," ಎಂದೆ. "ಭಾಳ ದೂರ ಉಳದಾನ. ಅವಸರ ಮಾಡಬ್ಯಾಡ. ಕಡೀ ಸುತ್ತಿಗೆ ಇಟ್ಕೋ."

ಅಣ್ಣ ತಲೆ ಆಡಿಸಿದ. ಅವನ ಹೆಜ್ಜೆ ಸ್ವಲ್ಪ ಸಡಿಲಾಯಿತು. ನನ್ನ ಎದೆಗೆ ಗಾಳಿ ಬಂತು. ಆಗ ನನಗೆ ಸುಖವಾಯಿತು. ಇದನ್ನು ಬರೆಯಲೇಬೇಕು. ಭಯಕ್ಕಿಂತ, ನಾಚಿಕೆಗಿಂತ ಮೊದಲು ಬಂದದ್ದು ಆ ಸುಖ. ಹತ್ತನೇ ಸುತ್ತಿನಲ್ಲೂ ಅವನು ಕೇಳಿದ, ಅದನ್ನೇ ಹೇಳಿದೆ. ಹನ್ನೊಂದರಲ್ಲೂ ಹೇಳಿದೆ. ತಿರುವಿನಲ್ಲಿ ನಿಂತಿದ್ದ ಅಧಿಕಾರಿಗೂ, ಬೇಲಿಯಾಚೆ ನಿಂತ ಜನಕ್ಕೂ ನಾನು ಅಣ್ಣನಿಗೆ ಧೈರ್ಯ ಹೇಳುತ್ತಿರುವಂತೆ ಕಂಡಿರಬೇಕು.

ಕೊನೆಯ ಸುತ್ತಿನ ಗಂಟೆ ಹೊಡೆದಾಗ ಹಿಂದಿನಿಂದ ಆ ಹೊಸ ಗೈಡ್ ಇಂಗ್ಲಿಷಿನಲ್ಲಿ ಕೂಗಿದ್ದು ನಮ್ಮ ಬೆನ್ನ ಮೇಲೆಯೇ ಕೇಳಿಸಿತು. ಅಣ್ಣನ ಕುತ್ತಿಗೆ ತಿರುಗಿತು.

"ಯಾರಲೇ ಅಂವಾ?"

ಅಣ್ಣ ಓಡಿದ. ಜೀವಮಾನದಲ್ಲಿ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಹಗ್ಗ ಬಿಗಿಯಾಗಿ ನನ್ನ ಕೈ ಮುಂದಕ್ಕೆ ಚಾಚಿಕೊಂಡಿತು. ಅವನು ಓಡುತ್ತಿದ್ದ, ನಾನು ಅವನಿಗೆ ಜೋತುಬಿದ್ದಿದ್ದೆ. ಕೊನೆಯ ತಿರುವಿನಲ್ಲಿ ಆ ಹುಡುಗ ನಮ್ಮ ಪಕ್ಕಕ್ಕೆ ಬಂದ. ಗೆರೆಯ ಹತ್ತಿರ ಎರಡು ಹೆಜ್ಜೆ ಮುಂದೆ ಹೋದ.

ಅಣ್ಣ ಹುಲ್ಲಿನ ಮೇಲೆ ಮಲಗಿದ್ದ. ಕಣ್ಣಿನ ಪಟ್ಟಿ ಇನ್ನೂ ತೆಗೆದಿರಲಿಲ್ಲ.

"ಅಂವಾ ಯಾವಾಗ ಬಂದಾ?"

"ಒಮ್ಮಿಗಲೇ ಬಂದಾ ಅಣ್ಣಾ. ಹಾರಿ ಬಂದಂಗ ಬಂದಾ. ನನಗ ನೋಡಾಕ ಸುದ್ದಾ ಆಗಲಿಲ್ಲ."

ಅವನು ಕೈ ಚಾಚಿ ನನ್ನ ಮೊಣಕಾಲು ಹುಡುಕಿ ಹಿಡಿದ. "ನೀ ಚಲೋ ಹೇಳಿದಿ ಬಿಡು. ನನ್ನ ಕಾಲಾಗ ಕಸುವು ಇದ್ದಿದ್ದಿಲ್ಲ."

ಮುಂದಿನ ತಿಂಗಳು ದೇವಸ್ಥಾನದ ಊಟದ ಹಾಲ್‌ನಲ್ಲಿ ಒಬ್ಬ ಅಂಕಲ್, "ಥರ್ಡ್ ಅಂದ್ರೂ ಗ್ರೇಟ್ ಅಲ್ವೇನಪ್ಪಾ," ಎಂದು ಅಣ್ಣನ ಬೆನ್ನು ತಟ್ಟಿದರು. "ಗ್ರೀಸಿನಾಗ ಎರಡನೇದವನೂ ಇದ್ದಿದ್ದಿಲ್ಲ ಅಂಕಲ್," ಎಂದು ಅವನು ನಕ್ಕ. ನಾನು ಊಟದ ತಟ್ಟೆಗಳನ್ನು ಎತ್ತಿಕೊಂಡು ಅಲ್ಲಿಂದ ಹೋದೆ.

ಅಕ್ಟೋಬರಿನಲ್ಲಿ ವೈನಿ ಫೋನ್ ಮಾಡಿದರು. "ಶೂಸ್ ಎಲ್ಲಾ ಡೊನೇಟ್ ಮಾಡ್ಬಿಟ್ರು. ಟ್ರೆಡ್‌ಮಿಲ್ ಕೂಡ ಕೊಟ್ಬಿಡು ಅಂತಿದಾರೆ. ಆ ಹುಡುಗ ಹಾಗೆ ಹಾರಿ ಬರೋದಾದ್ರೆ ನಾನ್ಯಾಕೆ ಟ್ರೈ ಮಾಡ್ಲಿ ಅಂತಾರೆ. ನೀವಾದ್ರೂ ಸ್ವಲ್ಪ ಹೇಳಿ. ನಿಮ್ಮ ಮಾತು ಕೇಳ್ತಾರೆ."

ಹಾರಿ ಬಂದ ಎಂಬುದು ನನ್ನ ಮಾತು. ಅದನ್ನು ಹಿಡಿದುಕೊಂಡೇ ಅವನು ಓಟ ಬಿಡುತ್ತಿದ್ದ.

ಸೋಮವಾರ ನಮ್ಮ ಹೋಟೆಲಿಗೆ ರಜೆ. ಬೆಳಗಾಗುತ್ತಲೇ ಹೊರಟೆ. ಮಿಶಿಗನ್ ಗಡಿ ದಾಟುವವರೆಗೂ ಹೇಗೆ ಶುರು ಮಾಡಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಒಂದು ಎಕ್ಸಿಟ್‌ನಲ್ಲಿ ಇಳಿದು ವಾಪಸು ತಿರುಗಿಸಿಯೂ ಬಿಟ್ಟಿದ್ದೆ. ಪೆಟ್ರೋಲ್ ಹಾಕಿಸಿಕೊಂಡು ಮತ್ತೆ ಹೊರಟೆ. ಅಣ್ಣ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ವೈನಿ ಆಫೀಸಿಗೆ ಹೋಗಿದ್ದರು. ಅವನನ್ನು ಕರೆದುಕೊಂಡು ಬೀದಿಯ ಕೊನೆಯ ಪಾರ್ಕಿನ ಬೆಂಚಿನ ಮೇಲೆ ಕೂಡಿಸಿ, ನಾನು ಕೂಡುವ ಮೊದಲೇ ಹೇಳಿಬಿಟ್ಟೆ.

"ಅಂವಾ ಹಾರಿ ಬರಲಿಲ್ಲ ಅಣ್ಣಾ. ನಾ ಸುಳ್ಳು ಹೇಳಿದೆ. ಒಂಬತ್ತನೇ ಸುತ್ತಿನ್ಯಾಗ ಅಂವಾ ಬರೂದು ನೋಡಿದ್ದೆ. ನನಗ ದಮ್ಮ ಇದ್ದಿದ್ದಿಲ್ಲ. ತಾಲೀಮೂ ಮಾಡಿದ್ದಿಲ್ಲ."

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಹೊಡೆದರೂ ಸರಿ ಎಂದುಕೊಂಡಿದ್ದೆ. ಅವನು ಮುಖವನ್ನು ನನ್ನ ಕಡೆಗೆ ಪೂರ್ತಿ ತಿರುಗಿಸಿ ಮೆಲ್ಲಗೆ ಕೇಳಿದ.

"ಒಂಬತ್ತರಾಗ ಎಷ್ಟ ದೂರ ಇದ್ದಾ?"

"ಮೂವತ್ತು ಹೆಜ್ಜಿ."

"ಹತ್ತರಾಗ?"

"ಇಪ್ಪತ್ತು ಇರಬೇಕು."

"ಇರಬೇಕು ಅನಬ್ಯಾಡ. ನೋಡಿದ್ದಿ ಇಲ್ಲೋ?"

"ಇಪ್ಪತ್ತು."

ಹೀಗೆ ಅವನು ನನ್ನಿಂದ ಇಡೀ ಓಟವನ್ನು ಹೇಳಿಸಿದ. ಎಲ್ಲಿ ಗೈಡ್ ಬದಲಾದ, ಹುಡುಗ ಒಳಗಿನಿಂದ ಬಂದನೋ ಹೊರಗಿನಿಂದಲೋ, ಅವನ ತೋಳು ಹೇಗಿತ್ತು, ಸುಸ್ತಾಗಿದ್ದನೋ ಇಲ್ಲವೋ. ಆ ಓಟ ಹೇಗೆ ನಡೆಯಿತು ಎಂಬುದಕ್ಕೆ ಅವನ ಹತ್ತಿರ ಇದ್ದದ್ದು ನನ್ನ ಸುಳ್ಳು ಮಾತ್ರ. ನಾಲ್ಕು ತಿಂಗಳು ಅದನ್ನೇ ತಲೆಯಲ್ಲಿ ಓಡಿಸಿಕೊಂಡು ತನ್ನ ಕಾಲನ್ನು ಬೈದುಕೊಂಡಿದ್ದ.

"ಹಂಗಾರ ಅಂವಗೂ ಸುಸ್ತಾಗಿತ್ತು."

"ಆಗಿತ್ತು. ಬಾಯಿ ಬಿಟ್ಕೊಂಡು ಬರಾಕತ್ತಿದ್ದ."

"ಮೂರು ಸುತ್ತು ನನಗ ಟೈಮ್ ಇತ್ತು."

"ಇತ್ತು."

ಪಾರ್ಕಿನ ಆಚೆ ಯಾರೋ ಎಲೆ ಊದುವ ಯಂತ್ರ ನಡೆಸುತ್ತಿದ್ದರು. ಅದು ನಿಂತ ಮೇಲೆ ಅಣ್ಣ ಹೇಳಿದ:

"ನೀ ಅವತ್ತ ಹಗ್ಗಾ ಬಿಟ್ಟಿದ್ರ ನಾ ಔಟ್ ಆಗ್ತಿದ್ದೆ. ಆದ್ರ ಯಾಕ ಔಟ್ ಆದೆ ಅಂತ ನನಗ ಗೊತ್ತರ ಆಗ್ತಿತ್ತು."

ನಾನು ಅತ್ತೆ. ಅವನು ಸಮಾಧಾನ ಮಾಡಲಿಲ್ಲ. ಮನೆಗೆ ಹಿಂತಿರುಗುವಾಗ ನನ್ನ ಮೊಣಕೈ ಹಿಡಿಯದೆ, ಮಡಚಿಟ್ಟಿದ್ದ ಬಿಳಿ ಕೋಲನ್ನು ತೆಗೆದು ಬಿಚ್ಚಿಕೊಂಡ. ನಾನು ಜೊತೆಗಿದ್ದಾಗ ಅವನು ಅದನ್ನು ಎಂದೂ ಬಿಚ್ಚುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತು, "ನಿನ್ನ ಕೂಡ ನಾ ಮತ್ತ ಓಡಂಗಿಲ್ಲ," ಎಂದ. "ಓಡಂಗಿಲ್ಲ ಅಂದಿಲ್ಲ ಮತ್ತ. ನಿನ್ನ ಕೂಡ ಅಂದೆ."

ಡಿಸೆಂಬರಿನಲ್ಲಿ ಅವನೇ ಫೋನ್ ಮಾಡಿದ. ನರ್ಸ್ ಒಪ್ಪಿದ್ದನಂತೆ. ಆದರೆ ಒಂದು ತೊಂದರೆ. ದಮ್ಮು ಹತ್ತಿದ ಮೇಲೆ ಅಣ್ಣನಿಗೆ ಇಂಗ್ಲಿಷ್ ಮಾತು ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಗುತ್ತಿತ್ತು. ಅಷ್ಟರಲ್ಲಿ ತಿರುವು ಬಂದುಬಿಡುತ್ತಿತ್ತು.

"ಅಂವಗ ನಮ್ಮ ಮಾತು ಕಲಿಸು. ಓಡಾಕ ಬೇಕಾದಷ್ಟು."

ಹಾಗಾಗಿ ಆ ಚಳಿಗಾಲದ ಸೋಮವಾರಗಳಲ್ಲಿ ನಾನು ವಾರೆನ್‌ಗೆ ಹೋಗಿ, ನಾನು ಹತ್ತಿರ ಬಿಟ್ಟುಕೊಳ್ಳದ ಮನುಷ್ಯನಿಗೆ ನನ್ನ ಕೆಲಸ ಕಲಿಸಿದೆ. ಎಡಕ್ಕ, ಬಲಕ್ಕ, ತಿರುವು, ನೆಟ್ಟಗ, ಮುಂದ, ಹಿಂದ, ಬಂದಾ, ಬಿಟ್ಟಾ. ನೂರರವರೆಗೆ ಎಣಿಕೆ. ಅವನು ಇಂಗ್ಲಿಷ್ ಅಕ್ಷರದಲ್ಲಿ ಮುಂಗೈ ಮೇಲೆ ಬರೆದುಕೊಳ್ಳುತ್ತಿದ್ದ. ಎಲ್ಲಕ್ಕಿಂತ ಮೊದಲು ಅವನ ನಾಲಿಗೆ ಹಿಡಿದದ್ದು ನಾನು ಕಲಿಸದ "ಲೇ". ಅದನ್ನು ಎಲ್ಲದರ ಬಾಲಕ್ಕೂ ಕಟ್ಟಿದ. "ತಿರುವು ಲೇ! ಥ್ಯಾಂಕ್ಯೂ ಲೇ!"

"ಯಾರಪ್ಪಾ ಇಂವಾ, ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಾಗಿಂದ ಹಿಡ್ಕೊಂಡು ಬಂದೀಯೇನು?" ಎಂದು ಅಣ್ಣ ಗಟ್ಟಿಯಾಗಿ ನಕ್ಕ. ಅವನು ನನ್ನೊಂದಿಗೆ ಮಾತಾಡುತ್ತಿರಲಿಲ್ಲ, ಕೋಣೆಯೊಂದಿಗೆ ಮಾತಾಡುತ್ತಿದ್ದ. ಆದರೂ ನನಗೆ ಅಷ್ಟು ಸಾಕಾಯಿತು.

ಈ ಬೇಸಿಗೆಯಲ್ಲಿ ಮತ್ತೆ ಆಯ್ಕೆ ನಡೆಯಿತು, ಈ ಸಲ ಡೆಟ್ರಾಯಿಟ್ ಕಡೆ. ಬೇರೆ ವರ್ಷ, ಬೇರೆ ಕೂಟ. ಆದರೆ ಈಗಲೂ ಮೊದಲಿಬ್ಬರಿಗೇ. ನಾನು ವೈನಿಯ ಜೊತೆ ಮೆಟ್ಟಿಲ ಮೇಲೆ ಕುಳಿತಿದ್ದೆ. ಎಂಟನೇ ಸುತ್ತಿಗೆ ಅಣ್ಣ ಎರಡನೆಯವನು. ಹತ್ತನೇ ಸುತ್ತಿನಲ್ಲಿ ಮೂರನೆಯವನು ಹತ್ತಿರಕ್ಕೆ ಬರತೊಡಗಿದ. ವೈನಿ ನನ್ನ ತೋಳಿಗೆ ಉಗುರು ಊರಿದರು. "ಯಾಕೆ ಹೇಳ್ತಿಲ್ಲ ಅವರು? ವೈ ಈಸ್ ಹಿ ನಾಟ್ ಟೆಲ್ಲಿಂಗ್ ಹಿಮ್?" ಎಂದರು. ಅಷ್ಟರಲ್ಲಿ ಮೈದಾನದ ಆಚೆ ತುದಿಯಿಂದ ಕೇಳಿಸಿತು.

"ಬಂದಾ! ಹಿಂದ ಬಂದಾ! ಇಪ್ಪತ್ತು!"

ಉಚ್ಚಾರ ಅಷ್ಟು ಸರಿಯಿರಲಿಲ್ಲ. ಲೆಕ್ಕ ಸರಿಯಿತ್ತು. ಅಣ್ಣನ ಹೆಜ್ಜೆ ಉದ್ದವಾಯಿತು. ಹನ್ನೊಂದರಲ್ಲಿ "ಮೂವತ್ತು!" ಎಂದು ಕೂಗಿದ. ಕೊನೆಯ ಸುತ್ತಿನಲ್ಲಿ "ಬಿಟ್ಟಾ ಲೇ! ಬಿಟ್ಟಾ!" ಎಂದು ಅರಚಿದಾಗ ಮೆಟ್ಟಿಲ ಮೇಲಿನ ಜನ ಏನೆಂದು ತಿಳಿಯದೆ ನಕ್ಕರು.

ವೈನಿ ಅಳುತ್ತಾ ಕೆಳಗೆ ಓಡಿದರು. ನಾನು ನಿಧಾನವಾಗಿ ಇಳಿದು ಹೋಗಿ ಸ್ವಲ್ಪ ದೂರ ನಿಂತೆ. ಅಣ್ಣ ಬಗ್ಗಿ, ಮೊಣಕಾಲಿಗೆ ಕೈ ಕೊಟ್ಟು ಉಸಿರು ಎಳೆದುಕೊಳ್ಳುತ್ತಿದ್ದ. ನಾನು ಬಂದದ್ದು ಅವನಿಗೆ ತಿಳಿಯಿತು. ನನ್ನ ಹೆಜ್ಜೆ ಅವನಿಗೆ ಗೊತ್ತು. ಎರಡನೆಯವನೇ ಹೌದೋ ಎಂದು ಅವನು ನರ್ಸನ್ನು ಕೇಳಿದ. ಆಮೇಲೆ ವೈನಿಯನ್ನು ಕೇಳಿದ. ಗಡಿಯಾರ ಹಿಡಿದಿದ್ದ ಅಧಿಕಾರಿಯನ್ನೂ ಇಂಗ್ಲಿಷಿನಲ್ಲಿ ಕೇಳಿದ. ಮೂವರೂ ಹೌದೆಂದರು. ನನ್ನನ್ನು ಕೇಳಲಿಲ್ಲ.